ಡಿಜಿಟಲ್ ಚಿತ್ರಕಲೆಗೆ ಏನೇನು ಬೇಕು? ಮೊದಲ ಪೆನ್ ಟ್ಯಾಬ್ಲೆಟ್‌ನಿಂದ ಮೊದಲ ಮುದ್ರಣದವರೆಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. "ಮೇಷ್ಟ್ರೇ, ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಲೋವರ್ ಗ್ರೇಡ್ ಪರೀಕ್ಷೆಯೂ ಆಯಿತು. ಈಗ ಕಂಪ್ಯೂಟರಿನಲ್ಲಿ ಬರೆಯಬೇಕು ಎನ್ನುತ್ತಾಳೆ. ಯಾವ ಟ್ಯಾಬ್ ಕೊಡಿಸಲಿ?" ಕೇಳುವವರು ಚಳ್ಳಕೆರೆಯ ಶೇಂಗಾ ವ್ಯಾಪಾರಿಯಾಗಿರಬಹುದು, ಹೊಳಲ್ಕೆರೆಯ ಅಡಿಕೆ ಬೆಳೆಗಾರರಾಗಿರಬಹುದು, ಮೂವತ್ತು ನಲವತ್ತು ಸಾವಿರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಫೋನ್ ಮಾಡಿರುತ್ತಾರೆ. ಮನೆಯಲ್ಲಿ ಈಗ ಏನೇನು ಇದೆ ಎಂದು ನಾನು ಮೊದಲು ಕೇಳುತ್ತೇನೆ.

ಚಿತ್ರದುರ್ಗದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಾ ನಾನು ಕಂಡುಕೊಂಡದ್ದು ಇಷ್ಟು: ದುಬಾರಿ ಪರದೆ ಇಲ್ಲವೆಂದು ಕೈಬಿಟ್ಟವರು ಕಡಿಮೆ. ಮೇಜಿನ ಎತ್ತರ ಸರಿಯಿಲ್ಲದೆ ಭುಜ ನೋವು ಬಂದು ಬಿಟ್ಟವರು, ಸೆಟ್ಟಿಂಗ್ ಸರಿಮಾಡದೆ ವೃತ್ತವೆಲ್ಲ ಮೊಟ್ಟೆಯಾಗುವುದನ್ನು ನೋಡಿ ಬೇಸತ್ತವರು, ಒಂದು ತಿಂಗಳ ಕೆಲಸವನ್ನು ಪೆನ್‌ಡ್ರೈವ್ ಜೊತೆಗೇ ಕಳೆದುಕೊಂಡವರು ಹೆಚ್ಚು. ಆದ್ದರಿಂದ ಈ ಬರಹದಲ್ಲಿ ಟ್ಯಾಬ್ಲೆಟ್‌ಗೆ ಎಷ್ಟು ಜಾಗವಿದೆಯೋ, ಅದರ ಸುತ್ತಲಿನ ಸಣ್ಣ ಸಾಮಾನುಗಳಿಗೂ ಅಷ್ಟೇ ಜಾಗವಿದೆ. ಕೊಳ್ಳುವ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಹಂತ 1: ಏನೂ ಕೊಳ್ಳದ ಎರಡು ವಾರ

ಒಂದು ಎ4 ಸ್ಕೆಚ್ ಪುಸ್ತಕ, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಮನೆಯಲ್ಲಿರುವ ಆಂಡ್ರಾಯ್ಡ್ ಫೋನು. ಎರಡು ವಾರಕ್ಕೆ ಇವು ಸಾಕು. ಫೋನಿನಲ್ಲಿ ಐಬಿಸ್ ಪೇಂಟ್ ಅಥವಾ ಸ್ಕೆಚ್‌ಬುಕ್ ಆ್ಯಪ್ ಹಾಕಿಕೊಳ್ಳಿ. ಎರಡನ್ನೂ ಹಣ ಕೊಡದೆ ಬಳಸಬಹುದು.

ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಅದರ ಫೋಟೊ ತೆಗೆಯಿರಿ, ಆ್ಯಪ್‌ನಲ್ಲಿ ತೆರೆಯಿರಿ, ಅದರ ಅಪಾರದರ್ಶಕತೆಯನ್ನು ಶೇ 30ಕ್ಕೆ ಇಳಿಸಿ, ಮೇಲೆ ಹೊಸ ಪದರವೊಂದನ್ನು ಇಟ್ಟು ಬೆರಳಿನಿಂದಲೇ ಬಣ್ಣ ತುಂಬಿ. ಪದರ, ಅಂದರೆ ಲೇಯರ್, ಎಂಬುದು ಡಿಜಿಟಲ್ ಚಿತ್ರದ ಜೀವಾಳ. ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳಂತೆ ಅದನ್ನು ಕಲ್ಪಿಸಿಕೊಳ್ಳಬಹುದು. ಕೆಳಗಿನ ರೇಖೆ ಕೆಡದೆ ಮೇಲಿನ ಬಣ್ಣವನ್ನು ಎಷ್ಟು ಸಲ ಬೇಕಾದರೂ ಅಳಿಸಬಹುದು. ಇದು ಮನಸ್ಸಿಗೆ ಒಗ್ಗಿತೆಂದರೆ ಮುಂದಿನ ಕಲಿಕೆ ಅರ್ಧ ಹಗುರವಾಗುತ್ತದೆ.

ಸ್ಕೆಚ್‌ನ ಫೋಟೊ ತೆಗೆಯುವುದಕ್ಕೂ ಒಂದು ರೀತಿ ಇದೆ. ಹಗಲಿನಲ್ಲಿ, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಕಾಗದವನ್ನು ಇಡಿ. ಫ್ಯಾನ್ ಆರಿಸಿ, ಇಲ್ಲವಾದರೆ ಅಂಚು ಏಳುತ್ತದೆ. ಫ್ಲ್ಯಾಷ್ ಬೇಡ. ಫೋನು ಕಾಗದಕ್ಕೆ ಸಮಾನಾಂತರವಾಗಿರಲಿ. ಹತ್ತಿರ ಹೋಗಿ ತೆಗೆದರೆ ಅಂಚಿನ ಗೆರೆಗಳು ಬಾಗುತ್ತವೆ. ಸ್ವಲ್ಪ ಮೇಲಿನಿಂದ ಜೂಮ್ ಮಾಡಿ ತೆಗೆದರೆ ನೇರವಾಗಿ ಬರುತ್ತವೆ.

ಏನನ್ನು ಬರೆಯುವುದು ಎಂಬ ಪ್ರಶ್ನೆ ನಮ್ಮ ಊರಿನವರಿಗೆ ಹುಟ್ಟಲೇಬಾರದು. ಕೋಟೆಯ ಒಂದು ಬಂಡೆಯನ್ನು ಬೆಳಿಗ್ಗೆ ಏಳಕ್ಕೆ ನೋಡಿ, ಹನ್ನೊಂದಕ್ಕೆ ಇನ್ನೊಮ್ಮೆ ನೋಡಿ. ಬೆಳಕು, ನಡುಬಣ್ಣ, ನೆರಳು ಎಂದು ಮೂರೇ ಛಾಯೆಗಳಲ್ಲಿ ಅದನ್ನು ಹಿಡಿಯಲು ಪ್ರಯತ್ನಿಸಿ. ಓಬವ್ವನ ಕಿಂಡಿಯ ಕಡೆಯ ಬಂಡೆಗಳು, ಅಕ್ಕ-ತಂಗಿ ಹೊಂಡದ ಮೆಟ್ಟಿಲುಗಳು, ಬತೇರಿಯ ಗೋಡೆಯ ಕಲ್ಲಿನ ಜೋಡಣೆ, ಇವುಗಳಿಗಿಂತ ಒಳ್ಳೆಯ ಪಾಠ ನನಗೆ ತಿಳಿಯದು.

ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಸ್ಟೈಲಸ್ ಕೊಳ್ಳಬೇಡಿ. ಫೋನಿನ ಪರದೆಗೆ ಅದೂ ಒಂದು ಬೆರಳೇ. ಮೆಲ್ಲಗೆ ಒತ್ತಿದರೆ ತೆಳು, ಜೋರಾಗಿ ಒತ್ತಿದರೆ ದಪ್ಪ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಹಂತ 2: ಪೆನ್ ಟ್ಯಾಬ್ಲೆಟ್ ಆಯ್ಕೆ

ಎರಡು ವಾರ ಕಳೆದ ಮೇಲೂ ಕೈ ತುಡಿಯುತ್ತಿದೆಯೇ? ಹಾಗಿದ್ದರೆ ಕೊಳ್ಳಬೇಕಾದ ಮೊದಲ ವಸ್ತು ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್. ಸ್ಲೇಟಿನಂಥ ಒಂದು ಕಪ್ಪು ಹಲಗೆ, ಜೊತೆಗೊಂದು ಪೆನ್ನು. ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದರೆ, ಹಲಗೆಯ ಮೇಲೆ ಬರೆದದ್ದು ಪರದೆಯ ಮೇಲೆ ಮೂಡುತ್ತದೆ. ಜಪಾನಿನ ವಾಕಾಮ್ 1983ರಿಂದ ಈ ಕ್ಷೇತ್ರದಲ್ಲಿದೆ. ಚೀನಾದ ಹುಯಿಯಾನ್, ಎಕ್ಸ್‌ಪಿ-ಪೆನ್ ಕಡಿಮೆ ಬೆಲೆಗೆ ಒಳ್ಳೆಯದನ್ನೇ ಕೊಡುತ್ತಿವೆ. ಸಣ್ಣ ಗಾತ್ರದವು ಸಾಮಾನ್ಯವಾಗಿ ಎರಡು ಸಾವಿರದಿಂದ ಐದು ಸಾವಿರ ರೂಪಾಯಿಯೊಳಗೆ ಸಿಗುತ್ತವೆ.

ಇದು ಕೆಲಸ ಮಾಡುವ ಬಗೆ ತಿಳಿದಿದ್ದರೆ ಆಯ್ಕೆ ಸುಲಭ. ಹಲಗೆಯೊಳಗಿನ ತಂತಿಗಳ ಜಾಲವು ಕ್ಷೀಣವಾದ ವಿದ್ಯುತ್ಕಾಂತೀಯ ಅಲೆಗಳನ್ನು ಹೊರಡಿಸುತ್ತದೆ. ಪೆನ್ನಿನೊಳಗೆ ಒಂದು ಸುರುಳಿ ಇರುತ್ತದೆ. ಅದು ಆ ಅಲೆಗೆ ಸ್ಪಂದಿಸಿ ತಾನು ಎಲ್ಲಿದ್ದೇನೆ, ಎಷ್ಟು ಒತ್ತಡದಲ್ಲಿದ್ದೇನೆ ಎಂಬುದನ್ನು ಹಲಗೆಗೆ ತಿಳಿಸುತ್ತದೆ. ಆದ್ದರಿಂದಲೇ ಇಂಥ ಪೆನ್ನಿಗೆ ಬ್ಯಾಟರಿ ಬೇಡ, ಅಂಗೈ ಊರಿದರೂ ಗೆರೆ ಬೀಳುವುದಿಲ್ಲ. ಬ್ಯಾಟರಿ ಹಾಕುವ ಪೆನ್ನುಳ್ಳ ಹಳೆಯ ಮಾದರಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡಿ.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ 4096, 8192, 16384 ಎಂಬ ಒತ್ತಡದ ಮಟ್ಟಗಳಿಗೆ ಮರುಳಾಗಬೇಡಿ. ಇವುಗಳ ನಡುವಿನ ವ್ಯತ್ಯಾಸ ಹೊಸಬರ ಕೈಗೆ ತಿಳಿಯುವುದಿಲ್ಲ. ಗೆರೆ ಶುರುವಾಗಲು ಎಷ್ಟು ಹಗುರವಾಗಿ ಮುಟ್ಟಿದರೆ ಸಾಕು ಎಂಬುದು ಮುಖ್ಯ. ಪೆನ್ನಿನ ಭಾರಕ್ಕೇ ಗೆರೆ ಮೂಡುವಂತಿದ್ದರೆ ಅದು ಒಳ್ಳೆಯ ಪೆನ್ನು.

ಗಾತ್ರದ ಬಗ್ಗೆ ನನ್ನ ಅನುಭವ: 14 ಅಥವಾ 15 ಇಂಚಿನ ಲ್ಯಾಪ್‌ಟಾಪ್‌ಗೆ ಸುಮಾರು 6 ಇಂಚು ಅಗಲ, 4 ಇಂಚು ಎತ್ತರದ ಬರೆಯುವ ಜಾಗ ಸಾಕು. 22 ಇಂಚಿಗಿಂತ ದೊಡ್ಡ ಮಾನಿಟರ್ ಇದ್ದರೆ 10 ಇಂಚಿನದು ಬೇಕು. ಸಣ್ಣ ಹಲಗೆಯಲ್ಲಿ ಮಣಿಕಟ್ಟಿನಿಂದ ಬರೆಯುತ್ತೀರಿ, ದೊಡ್ಡದರಲ್ಲಿ ಮೊಣಕೈಯಿಂದ. ರಂಗೋಲಿಯ ಉದ್ದ ಎಳೆ ಬಿಟ್ಟು ರೂಢಿಯಾದ ಕೈಗಳು ದೊಡ್ಡದನ್ನೇ ಇಷ್ಟಪಡುತ್ತವೆ ಎಂಬುದನ್ನು ನಾನು ಹಲವು ಸಲ ಕಂಡಿದ್ದೇನೆ.

ಕೊಳ್ಳುವ ಮುನ್ನ ಎರಡು ವಿಷಯ ವಿಚಾರಿಸಿ. ಬದಲಿ ನಿಬ್ಬುಗಳು ಸುಲಭವಾಗಿ ಸಿಗುತ್ತವೆಯೇ? ಕೇಬಲ್ ಬಿಚ್ಚಿ ಬದಲಾಯಿಸುವಂಥದ್ದೇ, ಹಲಗೆಗೇ ಅಂಟಿದ್ದೇ? ಅಂಟಿದ್ದಾದರೆ, ಕೇಬಲ್ ಮುರಿದ ದಿನ ಇಡೀ ಟ್ಯಾಬ್ಲೆಟ್ ಮೂಲೆ ಸೇರುತ್ತದೆ.

ಹಳೆಯದನ್ನು ಕೊಳ್ಳುವವರು ಲ್ಯಾಪ್‌ಟಾಪ್ ಮತ್ತು ಒಂದು ಸ್ಕೇಲ್ ಹಿಡಿದುಕೊಂಡು ಹೋಗಿ. ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ಅತಿ ನಿಧಾನವಾಗಿ ಗೆರೆ ಎಳೆಯಿರಿ. ಗೆರೆ ಅಲೆಅಲೆಯಾಗಿ ನಡುಗಿದರೆ ಬೇಡ. ನಾಲ್ಕು ಅಂಚುಗಳಲ್ಲೂ ಚುಕ್ಕೆ ಇಡಿ. ಗೆರೆಯನ್ನು ಹಗುರದಿಂದ ಭಾರಕ್ಕೆ ಒಯ್ಯಿರಿ. ಅದು ಮೆಲ್ಲಗೆ ದಪ್ಪವಾಗಬೇಕು, ತಟ್ಟನೆ ಹಾರಬಾರದು. ಕೊನೆಗೆ ಕೇಬಲ್ ಸೇರುವ ಜಾಗವನ್ನು ಅಲ್ಲಾಡಿಸಿ ಸಂಪರ್ಕ ತಪ್ಪುತ್ತದೆಯೇ ನೋಡಿ.

ಕಂಪ್ಯೂಟರೇ ಇಲ್ಲದಿದ್ದರೆ? ಆಂಡ್ರಾಯ್ಡ್ 6 ಅಥವಾ ಅದಕ್ಕಿಂತ ಹೊಸ ಆವೃತ್ತಿಯ ಫೋನುಗಳ ಜೊತೆ ಕೆಲಸ ಮಾಡುವ ಪೆನ್ ಟ್ಯಾಬ್ಲೆಟ್‌ಗಳಿವೆ. ಒಟಿಜಿ ಎಂಬ ಸಣ್ಣ ಜೋಡಣೆ ಬೇಕು. ಫೋನನ್ನು ಉದ್ದಕ್ಕೆ ಹಿಡಿದರೆ ಹಲಗೆಯ ಒಂದು ಭಾಗ ಮಾತ್ರ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

ಓದಿಗೂ ಬೇಕೆಂದು ಟ್ಯಾಬ್ ಕೊಳ್ಳುವ ಯೋಚನೆ ಹೇಗೂ ಇದ್ದರೆ, ಪೆನ್ನು ಸಮೇತ ಬರುವ ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್‌ನಂಥದ್ದನ್ನು ನೋಡಬಹುದು. ಐಪ್ಯಾಡ್‌ನಲ್ಲಿ ಪ್ರೊಕ್ರಿಯೇಟ್ ಎಂಬ ಸೊಗಸಾದ ತಂತ್ರಾಂಶವಿದೆ, ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಆದರೆ ಅದು ಐಪ್ಯಾಡ್‌ನಲ್ಲಿ ಮಾತ್ರ, ಪೆನ್ನನ್ನು ಬೇರೆಯಾಗಿ ಕೊಳ್ಳಬೇಕು. ಪರದೆಯ ಮೇಲೇ ಬರೆಯುವ ಪೆನ್ ಡಿಸ್‌ಪ್ಲೇಗಳನ್ನು ಮೊದಲ ವರ್ಷ ಮರೆತುಬಿಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಒಂದು ಕಂಪ್ಯೂಟರ್ ಬೇಕೇ ಬೇಕು.

ಹಂತ 3: ಕಂಪ್ಯೂಟರ್ ಮತ್ತು ತಂತ್ರಾಂಶ

ಒಂದು ಲೆಕ್ಕ ಮಾಡೋಣ. ಮುದ್ರಣಕ್ಕೆ ಒದಗುವ ಎ4 ಹಾಳೆ, 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ 2480 × 3508 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 4 ಬೈಟ್. ಪೂರ್ತಿ ಬಣ್ಣ ತುಂಬಿದ ಒಂದು ಪದರಕ್ಕೆ ಸುಮಾರು 35 ಎಂಬಿ. ಅಂಥ ನಲವತ್ತು ಪದರಗಳಾದರೆ 1.4 ಜಿಬಿ. ಇದರ ಮೇಲೆ ಹಿಂದಕ್ಕೆ ಹೋಗುವ ಸೌಲಭ್ಯಕ್ಕಾಗಿ ತಂತ್ರಾಂಶವು ನೆನಪಿಟ್ಟುಕೊಳ್ಳುವ ಹಂತಗಳು, ಜೊತೆಗೆ ವಿಂಡೋಸ್‌ನದೇ ಪಾಲು. 4 ಜಿಬಿ ರ‍್ಯಾಮ್ ಏಕೆ ಏದುಸಿರು ಬಿಡುತ್ತದೆ, 8 ಜಿಬಿ ಏಕೆ ಸಾಕಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಹೊಸದು ಕೊಳ್ಳುವ ಮೊದಲು ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ನೋಡಿ.

ತಂತ್ರಾಂಶಕ್ಕೆ ಹಣ ಬೇಡ. ಚಿತ್ರ ಬರೆಯಲು ಕ್ರಿಟಾ, ಅಕ್ಷರ ಮತ್ತು ಲಾಂಛನದ ಕೆಲಸಕ್ಕೆ ಇಂಕ್‌ಸ್ಕೇಪ್. ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಕದ್ದ ಪ್ರತಿಗಳ ಜೊತೆ ವೈರಸ್ ಬರುತ್ತದೆ. ಬೇಡ.

ಹಂತ 4: ಜೋಡಿಸಿದ ಮೊದಲ ಸಂಜೆ

ಈ ಒಂದು ಸಂಜೆಯನ್ನು ಅವಸರವಿಲ್ಲದೆ ಕಳೆಯಿರಿ. ಹೊಸಬರ ಬಹುಪಾಲು ಬೇಸರ ಇಲ್ಲೇ ಹುಟ್ಟುತ್ತದೆ.

ಹಿಂದೆ ಬೇರೆ ಟ್ಯಾಬ್ಲೆಟ್ ಬಳಸಿದ್ದರೆ ಅದರ ಡ್ರೈವರ್ ಅನ್ನು, ಅಂದರೆ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶವನ್ನು, ಪೂರ್ತಿ ತೆಗೆದುಹಾಕಿ. ಎರಡು ಕಂಪನಿಗಳ ಡ್ರೈವರ್‌ಗಳು ಒಂದೇ ಕಂಪ್ಯೂಟರಿನಲ್ಲಿ ಹೊಂದಿಕೊಳ್ಳುವುದು ಅಪರೂಪ. ತಯಾರಕರ ಅಧಿಕೃತ ತಾಣದಿಂದ ಹೊಸ ಡ್ರೈವರ್ ಇಳಿಸಿಕೊಂಡು ಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಶುರುಮಾಡಿ.

ಈಗ ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಹಲಗೆಯ ಮೇಲೆ ಇಟ್ಟು ಸುತ್ತಲೂ ಪೆನ್ನಿನಿಂದ ಗೆರೆ ಎಳೆಯಿರಿ. ಪರದೆಯ ಮೇಲೆ ಅದು ದುಂಡಗೆ ಬಂತೇ? ಉದ್ದವಾಗಿಯೋ ಚಪ್ಪಟೆಯಾಗಿಯೋ ಬಂದರೆ ಹಲಗೆಯ ಅಳತೆಗೂ ಪರದೆಯ ಅಳತೆಗೂ ತಾಳೆಯಿಲ್ಲ ಎಂದರ್ಥ. ಪರದೆ 16:9, ಹಲಗೆ 16:10 ಇರುವುದು ಸಾಮಾನ್ಯ. ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಪ್ರಮಾಣವನ್ನು ಪರದೆಗೆ ಹೊಂದಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಮತ್ತೆ ನಾಣ್ಯವಿಟ್ಟು ನೋಡಿ. "ನನಗೆ ವೃತ್ತವೇ ಬರುವುದಿಲ್ಲ ಮೇಷ್ಟ್ರೇ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಹುಡುಗಿಯೊಬ್ಬಳ ಕಷ್ಟ ಈ ಒಂದು ನಾಣ್ಯದಿಂದ ಹತ್ತು ನಿಮಿಷದಲ್ಲಿ ಬಗೆಹರಿಯಿತು. ಅವಳ ಕೈಯಲ್ಲಿ ತಪ್ಪೇನೂ ಇರಲಿಲ್ಲ.

ಹಲಗೆ ಮೈಗೆ ನೇರವಾಗಿ, ಪರದೆಯ ಎದುರೇ ಇರಲಿ. ಮೌಸ್‌ನಂತೆ ಬಲಪಕ್ಕಕ್ಕೆ ಇಡಬೇಡಿ. ಕಣ್ಣು ಮುಚ್ಚಿ ಒಂದು ಅಡ್ಡಗೆರೆ ಎಳೆಯಿರಿ, ಕಣ್ಣು ತೆರೆದು ನೋಡಿ. ಗೆರೆ ಓರೆಯಾಗಿದ್ದರೆ ಹಲಗೆಯನ್ನು ಅಷ್ಟೇ ತಿರುಗಿಸಿ. ಮೂರು ನಾಲ್ಕು ಸಲದಲ್ಲಿ ನಿಮ್ಮ ಕೈಗೆ ಒಪ್ಪುವ ಕೋನ ಸಿಗುತ್ತದೆ. ಅಲ್ಲಿ ಮೇಜಿನ ಮೇಲೆ ಸಣ್ಣ ಟೇಪು ಅಂಟಿಸಿ ಗುರುತು ಮಾಡಿಕೊಳ್ಳಿ.

ಒತ್ತಡಕ್ಕೆ ಗೆರೆ ಸ್ಪಂದಿಸದಿದ್ದರೆ, ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳಿವೆ; ಒಂದು ಕೆಲಸ ಮಾಡದಿದ್ದರೆ ಇನ್ನೊಂದಕ್ಕೆ ಬದಲಾಯಿಸಿ, ಕ್ರಿಟಾವನ್ನು ಮುಚ್ಚಿ ತೆರೆಯಿರಿ. ಪೆನ್ನು ಊರಿದೊಡನೆ ಸುತ್ತ ಒಂದು ಉಂಗುರ ಮೂಡಿ ಗೆರೆ ತಡವಾಗುತ್ತಿದ್ದರೆ, ವಿಂಡೋಸ್‌ನಲ್ಲಿ ಪೆನ್ನನ್ನು ಒತ್ತಿ ಹಿಡಿದರೆ ಬಲ ಕ್ಲಿಕ್ ಆಗುವ ಸೌಲಭ್ಯವನ್ನು ಆಫ್ ಮಾಡಿ.

ಮೊದಲ ವಾರ ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ ಎನಿಸುತ್ತದೆ. ಮೌಸನ್ನು ತೆಗೆದು ಡ್ರಾಯರ್‌ನಲ್ಲಿಟ್ಟು, ಕಡತ ತೆರೆಯುವುದರಿಂದ ಹಿಡಿದು ಎಲ್ಲವನ್ನೂ ಪೆನ್ನಿನಿಂದಲೇ ಮಾಡಿ. ಗೆರೆ ನಡುಗುವುದಕ್ಕೆ ಕ್ರಿಟಾದಲ್ಲಿ ಸ್ಟೆಬಿಲೈಸರ್ ಇದೆ. ಅದನ್ನು ಸ್ವಲ್ಪವೇ ಬಳಸಿ, ಪೂರ್ತಿ ಅದರ ಮೇಲೇ ಒರಗಬೇಡಿ.

ಹಂತ 5: ಸಣ್ಣ ಸಾಮಾನುಗಳು

ನನ್ನ ಮೊದಲ ಟ್ಯಾಬ್ಲೆಟ್‌ನ ನಡುವೆ ಇಂದಿಗೂ ಒಂದು ಗೀರು ಇದೆ. ನಿಬ್ಬು ಸವೆದು ಒಂದು ಕಡೆ ಉಳಿಯಂತೆ ಚೂಪಾಗಿದ್ದುದನ್ನು ನೋಡದೆ ತಿಂಗಳುಗಟ್ಟಲೆ ಬರೆದದ್ದರ ಫಲ ಅದು. ಪೆನ್ನಿನ ನಿಬ್ಬು ಪ್ಲಾಸ್ಟಿಕ್‌ನದು, ಪೆನ್ಸಿಲ್ ಸೀಸದಂತೆ ಸವೆಯುತ್ತದೆ. ವಾರಕ್ಕೊಮ್ಮೆ ತುದಿಯ ಮೇಲೆ ಬೆರಳಾಡಿಸಿ; ಅಂಚು ತಾಗಿದರೆ ಬದಲಾಯಿಸುವ ಕಾಲ ಬಂದಿದೆ. ಡಬ್ಬಿಯಲ್ಲೇ ಕೆಲವು ಬದಲಿ ನಿಬ್ಬುಗಳು, ಕಿತ್ತು ತೆಗೆಯಲು ಒಂದು ಪುಟ್ಟ ಉಂಗುರ ಇರುತ್ತವೆ. ಇವುಗಳನ್ನು ಮುಚ್ಚಳವಿರುವ ಕುಂಕುಮದ ಡಬ್ಬಿಯಲ್ಲಿ ಹಾಕಿಡಿ, ಇಲ್ಲವಾದರೆ ಕಸದ ಜೊತೆ ಹೋಗುತ್ತವೆ.

ಹಲಗೆ ತೀರಾ ನುಣುಪೆನಿಸಿ ಪೆನ್ನು ಜಾರುತ್ತಿದ್ದರೆ ಮೇಲೆ ಒಂದು ಬಿಳಿ ಹಾಳೆ ಅಂಟಿಸಿ ಬರೆಯಿರಿ. ಅಲೆಗಳು ಕಾಗದವನ್ನು ದಾಟಿ ಬರುವುದರಿಂದ ಪೆನ್ನು ಹಿಂದಿನಂತೆಯೇ ಕೆಲಸ ಮಾಡುತ್ತದೆ, ಕಾಗದದ ಹಿಡಿತವೂ ಸಿಗುತ್ತದೆ. ನಿಬ್ಬು ಮಾತ್ರ ಬೇಗ ಸವೆಯುತ್ತದೆ.

ನಮ್ಮ ಊರಿನಲ್ಲಿ ಗಾಳಿ ಹೆಚ್ಚು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಗಾಳಿಯ ಜೊತೆ ದೂಳೂ ಬರುತ್ತದೆ. ನಿಬ್ಬಿನಡಿ ಸಿಕ್ಕ ಒಂದು ಮರಳಿನ ಕಣ ಹಲಗೆಯನ್ನು ಗೀರಲು ಸಾಕು. ಬರೆಯುವ ಮುನ್ನ ಕನ್ನಡಕ ಒರೆಸುವಂಥ ಮೃದು ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಹಿಂಡಿಕೊಳ್ಳಿ. ಬರೆದಾದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡನ್ನು ಹೊದಿಸಿಡಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಬೇರೆ ಮೇಜಿನ ಮೇಲಿರಲಿ.

ಎರಡು ಬೆರಳಿನ ಕೈಗವಸು ಸಿಗುತ್ತದೆ, ಕಿರುಬೆರಳು ಮತ್ತು ಉಂಗುರ ಬೆರಳನ್ನು ಮಾತ್ರ ಮುಚ್ಚುವಂಥದ್ದು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆವರಿದ ಕೈ ಹಲಗೆಗೆ ಅಂಟದೆ ಸರಾಗವಾಗಿ ಜಾರಲು ಅದು ನೆರವಾಗುತ್ತದೆ. ಹಳೆಯ ಹತ್ತಿ ಕಾಲುಚೀಲದ ಮೇಲ್ಭಾಗವನ್ನು ಕತ್ತರಿಸಿ ಹೊಲಿದರೂ ಅದೇ ಕೆಲಸ ನಡೆಯುತ್ತದೆ.

ಪೆನ್ನಿಗೊಂದು ಸ್ಟ್ಯಾಂಡ್ ಇರಲಿ, ತುದಿಯ ಮೇಲೆ ಭಾರ ಬೀಳದಂತೆ ಇಡಿ. ಮೇಜಿನಿಂದ ಉರುಳಿ ನಿಬ್ಬಿನ ಮೇಲೆ ಬಿದ್ದ ಪೆನ್ನಿನಲ್ಲಿ ಒತ್ತಡ ಅಳೆಯುವ ಭಾಗ ಕೆಡಬಹುದು. ಆಮೇಲೆ ಮುಟ್ಟದಿದ್ದರೂ ಗೆರೆ ಬೀಳುತ್ತಲೇ ಇರುತ್ತದೆ.

ಹಂತ 6: ಕುಳಿತುಕೊಳ್ಳುವ ಜಾಗ

ಊಟದ ಮೇಜು ಚಿತ್ರ ಬರೆಯಲು ಹೆಚ್ಚಿನವರಿಗೆ ಎತ್ತರ. ಮೊಣಕೈ ಲಂಬಕೋನದಲ್ಲಿ ಆರಾಮವಾಗಿ ಊರುವಂತಿರಬೇಕು, ಭುಜ ಮೇಲೇಳಬಾರದು. ಕುರ್ಚಿಗೆ ದಿಂಬು ಹಾಕಿ ಎತ್ತರಿಸಿಕೊಳ್ಳಿ, ಆಗ ಕಾಲು ತೂಗಾಡಿದರೆ ಕೆಳಗೊಂದು ಮಣೆ ಇಡಿ. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೆ ಇಟ್ಟರೆ ಕುತ್ತಿಗೆ ಬಾಗುವುದಿಲ್ಲ.

ಕಣ್ಣಿಗೆ 20-20-20 ಸೂತ್ರ: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿಗಿಂತ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡುವುದು. ನಾನು ಕಿಟಕಿಯಿಂದ ಬೆಟ್ಟದ ಸಾಲನ್ನು ನೋಡುತ್ತೇನೆ. ಕತ್ತಲೆ ಕೋಣೆಯಲ್ಲಿ ಪರದೆಯ ಬೆಳಕೊಂದರಲ್ಲೇ ಬರೆಯಬೇಡಿ. ಬಣ್ಣ ಹಚ್ಚುವಾಗ ಪರದೆಯನ್ನು ಹಳದಿಯಾಗಿಸುವ ರಾತ್ರಿಯ ಸೌಲಭ್ಯವನ್ನು ಮರೆಯದೆ ಆಫ್ ಮಾಡಿ. ಅದನ್ನು ಹಾಕಿಕೊಂಡೇ ಬಣ್ಣ ಹಚ್ಚಿದ ಆಕಾಶ ಬೆಳಿಗ್ಗೆ ಬೇರೆಯೇ ನೀಲಿಯಾಗಿರುತ್ತದೆ.

ಹಂತ 7: ಕರೆಂಟು ಮತ್ತು ಕಡತ

ಬೇಸಿಗೆಯ ಕೊನೆಯ ಒಂದು ಸಂಜೆ, ಮಳೆಗೆ ಮುಂಚಿನ ಬಿರುಗಾಳಿಗೆ ಕರೆಂಟು ಹೋಯಿತು. ಎರಡು ಗಂಟೆ ಕುಳಿತು ಬರೆದ ಕೋಟೆಯ ದೀಪಸ್ತಂಭ ಹೋಯಿತು. ಡೆಸ್ಕ್‌ಟಾಪ್ ಬಳಸುವವರಿಗೆ ಯುಪಿಎಸ್ ಕಡ್ಡಾಯ ಎಂದು ನಾನು ಹೇಳುವುದು ಆ ಸಂಜೆಯ ನೆನಪಿನಿಂದ. ಹತ್ತು ನಿಮಿಷ ತಡೆದರೆ ಸಾಕು, ಉಳಿಸಿ ಆರಿಸಬಹುದು.

ಕ್ರಿಟಾದಲ್ಲಿ ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ. ದೊಡ್ಡ ಬದಲಾವಣೆಗೆ ಮುನ್ನ ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಹಳೆಯ ಕಡತ ಹಾಗೇ ಉಳಿದು, ಮುಂದಿನ ಸಂಖ್ಯೆಯ ಹೊಸ ಪ್ರತಿ ಆಗುತ್ತದೆ. ಕಡತಕ್ಕೆ "ಹೊಸದು", "ಫೈನಲ್" ಎಂದು ಹೆಸರಿಡಬೇಡಿ. ವಿಷಯ, ದಿನಾಂಕ, ಸಂಖ್ಯೆ ಇರಲಿ.

ಪ್ರತಿ ಚಿತ್ರಕ್ಕೆ ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಇಂಟರ್‌ನೆಟ್‌ನ ಸಂಗ್ರಹದಲ್ಲಿ. ಪೆನ್‌ಡ್ರೈವ್ ಸಾಗಿಸುವುದಕ್ಕೆ, ಕಾಪಾಡುವುದಕ್ಕಲ್ಲ. ಪದರಗಳಿರುವ ಮೂಲ ಕಡತವನ್ನೇ ಉಳಿಸಿಕೊಳ್ಳಿ. ಜೆಪೆಗ್ ಆದ ಮೇಲೆ ಪದರಗಳು ಮರಳಿ ಬರುವುದಿಲ್ಲ.

ಹಂತ 8: ಮೊದಲ ಮುದ್ರಣ

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಶಾಯಿಯಿಂದ. ಹೊಳೆಯುವ ಹಸಿರು, ಗಾಢ ನೀಲಿ ಕಾಗದದ ಮೇಲೆ ಮಂಕಾಗುವುದು ಅದರಿಂದಲೇ, ಅಂಗಡಿಯವರ ತಪ್ಪಲ್ಲ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ 300 ಡಿಪಿಐ ಬೇಕು. ದೂರದಿಂದ ನೋಡುವ ಫ್ಲೆಕ್ಸ್‌ಗೆ ಅದರ ಮೂರನೇ ಒಂದು ಭಾಗವಿದ್ದರೂ ನಡೆಯುತ್ತದೆ.

ಚಿತ್ರದಲ್ಲಿ ಕನ್ನಡ ಅಕ್ಷರಗಳಿದ್ದರೆ ಇನ್ನೊಂದು ಎಚ್ಚರ. ಅನೇಕ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಿವೆ, ನಿಮ್ಮದು ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಆಗಿರುತ್ತದೆ. ಅಲ್ಲಿ ತೆರೆದಾಗ ಒತ್ತಕ್ಷರಗಳು ಚೆದುರಿಹೋಗಬಹುದು. ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಆಕೃತಿಗಳಾಗಿ ಬದಲಾಯಿಸಿ, ಪಿಡಿಎಫ್ ಮಾಡಿ ಒಯ್ಯಿರಿ. ಬದಲಾಯಿಸುವ ಮುನ್ನ ತಿದ್ದಬಲ್ಲ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಇಡೀ ಚಿತ್ರ ಅಚ್ಚು ಹಾಕಿಸುವ ಮೊದಲು, ಅದರ ಮುಖ್ಯ ಬಣ್ಣಗಳಿರುವ ನಾಲ್ಕು ಬೆರಳಗಲದ ಪಟ್ಟಿಯೊಂದನ್ನು ಅದೇ ಕಾಗದದ ಮೇಲೆ ತೆಗೆಸಿ. ಮನೆಗೆ ತಂದು ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡಿ, ಮಂಕಾದ ಬಣ್ಣವನ್ನು ತಿದ್ದಿ. ಆ ಪಟ್ಟಿಯನ್ನು ಸ್ಕೆಚ್ ಪುಸ್ತಕದ ಕೊನೆಯ ಪುಟದಲ್ಲಿ ಅಂಟಿಸಿ, ಪಕ್ಕದಲ್ಲಿ ದಿನಾಂಕ, ಕಾಗದದ ಬಗೆ ಮತ್ತು ಪರದೆಯ ಮೇಲೆ ಇದ್ದ ಬಣ್ಣದ ಸಂಖ್ಯೆ ಬರೆದಿಡಿ.